25 ಲಕ್ಷ ಸಾಲದು ಎಂದ ಅತಿಥಿ

ದಾನ ಕೇಳಲು ಹೋದವರು ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಂಡು ಬರುವುದು ವಾಡಿಕೆ. 25 ಲಕ್ಷ ಡಾಲರ್ ಕೊಡುತ್ತೇನೆಂದರೂ ಸಾಲದೆಂದು ಎದ್ದುಬಂದ ಒಬ್ಬ ಆಸಾಮಿ ಹಳೆಯ ಆತ್ಮಕಥೆಯೊಂದರಲ್ಲಿ ಸಿಕ್ಕಿದ. ಹೆಸರು ಅಬ್ರಹಾಂ ಫ್ಲೆಕ್ಸ್ನರ್. ನಡೆದದ್ದು 1920ರಲ್ಲಿ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಎಂಬ ಊರಿನಲ್ಲಿ. ಕೊಡಲು ಕೂತಿದ್ದವನು ಜಾರ್ಜ್ ಈಸ್ಟ್‌ಮನ್, ಕೊಡಕ್ ಕಂಪನಿಯ ಒಡೆಯ.

ಕೊಡಕ್ ಎಂದರೆ ಈಗಿನ ಮಕ್ಕಳಿಗೆ ಏನೂ ಅನ್ನಿಸದು. ನಮ್ಮ ಊರುಗಳ ಸ್ಟುಡಿಯೋಗಳ ಮುಂದೆ ಅದರ ಹಳದಿ ಬೋರ್ಡು ತೂಗುತ್ತಿತ್ತು. ಮದುವೆಮನೆಯಲ್ಲಿ ರೋಲು ಮುಗಿದುಹೋದರೆ ಊಟದ ಪಂಕ್ತಿಯ ಫೋಟೊಗಳೇ ಇರುತ್ತಿರಲಿಲ್ಲ. ಆ ಹಳದಿ ಡಬ್ಬಿಗಳ ದುಡ್ಡೇ ಈ ಕಥೆಯ ಬಂಡವಾಳ.

ಈಸ್ಟ್‌ಮನ್ ಏಳು ವರ್ಷದವನಿದ್ದಾಗಲೇ ತಂದೆ ತೀರಿಕೊಂಡ. ಹುಡುಗ ಹದಿಹರೆಯದಲ್ಲೇ ಶಾಲೆ ಬಿಟ್ಟು ದುಡಿಯಲು ನಿಂತ, ಬ್ಯಾಂಕಿನಲ್ಲಿ ಗುಮಾಸ್ತನಾದ. 1888ರಲ್ಲಿ ಕೊಡಕ್ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಅದೇ ಊರಿನಲ್ಲಿ 1850ರಿಂದ ವಿಶ್ವವಿದ್ಯಾಲಯವೊಂದಿತ್ತು. ಹೆಸರು ದೊಡ್ಡದು, ಗಾತ್ರದಲ್ಲಿ ಸಣ್ಣ ಕಾಲೇಜು. 1900ರಲ್ಲಿ ಅದರ ಅಧ್ಯಕ್ಷನಾಗಿ ಬಂದ ರಷ್ ರೀಸ್ ಪ್ರಯೋಗಾಲಯಕ್ಕೆಂದು ಈಸ್ಟ್‌ಮನ್ ಬಾಗಿಲು ತಟ್ಟಿದ. ಹಣ ಸಿಕ್ಕಿತು, ಜತೆಗೆ ಇಲ್ಲಿಗೆ ನನ್ನ ಪಾಲು ಮುಗಿಯಿತು ಎಂಬ ಮಾತೂ ಸಿಕ್ಕಿತು. ರೀಸ್ ಹಟ ಹಿಡಿಯಲಿಲ್ಲ, ಕಾಯುತ್ತ ಕೂತ. ನನಗೆ ಈ ಕಥೆಯಲ್ಲಿ ಹೆಚ್ಚು ಇಷ್ಟವಾದವನು ಅವನೇ.

ಅವನು ಕಾಯುತ್ತಿದ್ದಾಗ ಊರಿನ ಸಿರಿವಂತ 1912ರಲ್ಲಿ ಬಾಸ್ಟನ್ನಿನ ಎಂಐಟಿಗೆ 25 ಲಕ್ಷ ಡಾಲರ್ ಕೊಟ್ಟ. ಅಲ್ಲಿ ಓದಿ ಬಂದವರು ಕೊಡಕ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದರು, ಅದೇ ಕಾರಣ. ಹೆಸರು ಮಾತ್ರ ಹೊರಗೆ ಬರಕೂಡದೆಂದು ಷರತ್ತು. ಎಂಐಟಿಯವರು ದಾನಿಯನ್ನು 'ಮಿಸ್ಟರ್ ಸ್ಮಿತ್' ಎಂದು ಕರೆದರು. ಆ ಸ್ಮಿತ್ ಯಾರೆಂದು ಜಗತ್ತಿಗೆ ತಿಳಿದದ್ದು 1920ರ ಜನವರಿಯಲ್ಲಿ. ಕಟ್ಟಡ ಏಳುವ ಮೊದಲೇ ದಾನಿಗಳ ಅಮೃತಶಿಲೆಯ ಫಲಕ ಸಿದ್ಧವಾಗುವುದನ್ನು ಕಂಡ ನಮಗೆ ಎಂಟು ವರ್ಷ ಬಾಯಿ ಬಿಡದ ಈ ಮನುಷ್ಯ ವಿಚಿತ್ರವೇ.

ಇನ್ನು ಫ್ಲೆಕ್ಸ್ನರ್. ಅಮೆರಿಕದ ವೈದ್ಯಕೀಯ ಶಾಲೆಗಳ ಹುಳುಕನ್ನು 1910ರ ತನ್ನ ವರದಿಯಲ್ಲಿ ಬಿಚ್ಚಿಟ್ಟವನು. ಆಮೇಲೆ ರಾಕ್‌ಫೆಲರ್ ಹಣದ ಶಿಕ್ಷಣ ಮಂಡಳಿ ಸೇರಿದ. ರಾಚೆಸ್ಟರ್‌ನಲ್ಲಿ ಹೊಸ ವೈದ್ಯಕೀಯ ಶಾಲೆ ತೆರೆಯುವ ಆಲೋಚನೆ ಹೊತ್ತು ರೀಸ್‌ನನ್ನು ಕಂಡ. ಈಸ್ಟ್‌ಮನ್‌ಗೆ ವೈದ್ಯಶಾಸ್ತ್ರದಲ್ಲಿ ಆಸಕ್ತಿಯಿಲ್ಲ, ಇರುವುದು ಸಂಗೀತದಲ್ಲಿ ಮತ್ತು ಹಲ್ಲಿನಲ್ಲಿ! ಬೆಳಗಿನ ತಿಂಡಿಯ ಹೊತ್ತಿಗೆ ಆರ್ಗನ್ ನುಡಿಸಲು ಮನೆಗೇ ವಾದಕನನ್ನು ಇಟ್ಟುಕೊಂಡಿದ್ದ. ಊರಿನ ಮಕ್ಕಳ ಹಲ್ಲು ನೋಡಲು ದಂತ ಚಿಕಿತ್ಸಾಲಯ ಕಟ್ಟಿಸಿದ್ದ. ಫ್ಲೆಕ್ಸ್ನರ್‌ಗೆ ಅಷ್ಟೇ ಸಾಕಿತ್ತು. ದಂತವೈದ್ಯವನ್ನು ವೈದ್ಯಕೀಯ ಶಾಲೆಯ ಒಂದು ಭಾಗವಾಗಿಯೇ ಬೆಳೆಸೋಣ ಎಂದ.

ಈಸ್ಟ್‌ಮನ್ 25 ಲಕ್ಷ ಎಂದ. ಒಳ್ಳೆಯ ಶಾಲೆಗೆ ಕೋಟಿ ಬೇಕು, ಅಷ್ಟರಿಂದ ಆಗದು ಎಂದು ಫ್ಲೆಕ್ಸ್ನರ್ ಹೊರಟುಬಂದ. ಮತ್ತೆ ಕರೆ ಬಂತು, ಈ ಸಲ 35 ಲಕ್ಷ. ಅದನ್ನೂ ಒಲ್ಲೆನೆಂದು ವಾಪಸಾದ. ಮೂರನೆಯ ಸಲ ವ್ಯಾಪಾರ ಕುದುರಿತು. ಈಸ್ಟ್‌ಮನ್‌ನಿಂದ 40 ಲಕ್ಷ, ಅದರ ಮೇಲೆ ದಂತ ಚಿಕಿತ್ಸಾಲಯದ ಲೆಕ್ಕದಲ್ಲಿ 10 ಲಕ್ಷ, ರಾಕ್‌ಫೆಲರ್ ಮಂಡಳಿಯಿಂದ 50 ಲಕ್ಷ. ಸೇರಿಸಿದರೆ ಸರಿಯಾಗಿ ಒಂದು ಕೋಟಿ. ಇದೆಲ್ಲ ಫ್ಲೆಕ್ಸ್ನರ್ ಹೇಳಿಕೊಂಡ ಕಥೆ, ಉಪ್ಪುಖಾರ ಅವನದೇ ಇದ್ದೀತು. ಆದರೆ ಈಸ್ಟ್‌ಮನ್ ಆಮೇಲೆ ಅವನನ್ನು ದರೋಡೆಕೋರನೆಂದು ಪ್ರೀತಿಯಿಂದಲೇ ಬೈಯುತ್ತಿದ್ದನಂತೆ. ಅಲ್ಲಿಗೆ ಪೆಟ್ಟು ಬಿದ್ದದ್ದಂತೂ ನಿಜ.

ಶಾಲೆಯ ಮೊದಲ ಡೀನ್ ಜಾರ್ಜ್ ವಿಪಲ್‌ಗೆ 1934ರಲ್ಲಿ ನೊಬೆಲ್ ಬಂತು. ರಕ್ತಹೀನತೆಗೆ ಪಿತ್ತಜನಕಾಂಗದ ಆಹಾರ ಮದ್ದಾಗುವುದನ್ನು ತೋರಿಸಿಕೊಟ್ಟ ಮೂವರಲ್ಲಿ ಅವನೂ ಒಬ್ಬ. ಒಮ್ಮೆ ಗಂಟು ಬಿಚ್ಚಿದ ಮೇಲೆ ಈಸ್ಟ್‌ಮನ್ ಕೈ ನಿಲ್ಲಲಿಲ್ಲ. 1921ರಲ್ಲಿ ಸಂಗೀತ ಶಾಲೆ, ಮರುವರ್ಷ ರಂಗಮಂದಿರ. 1924ರ ಡಿಸೆಂಬರ್‌ನಲ್ಲಿ ಒಂದೇ ದಿನ ಸುಮಾರು ಮೂರು ಕೋಟಿ ಡಾಲರ್ ಹಂಚಿಬಿಟ್ಟ, ರಾಚೆಸ್ಟರ್ ಮತ್ತು ಎಂಐಟಿ ಜತೆಗೆ ಕಪ್ಪು ವಿದ್ಯಾರ್ಥಿಗಳು ಓದುತ್ತಿದ್ದ ಹ್ಯಾಂಪ್ಟನ್, ಟಸ್ಕೀಗಿ ಸಂಸ್ಥೆಗಳಿಗೂ. 1930ರಲ್ಲಿ ಜೆನೆಸೀ ನದಿಯ ದಂಡೆಯಲ್ಲಿ ಹೊಸ ಕ್ಯಾಂಪಸ್ ತೆರೆಯಿತು. ಅಲ್ಲಿನ ದೊಡ್ಡ ಗ್ರಂಥಾಲಯಕ್ಕೆ ಇಟ್ಟದ್ದು ರೀಸ್‌ನ ಹೆಸರು. ಕಾದದ್ದು ಸಾರ್ಥಕವಾಯಿತು. ಕಾಯಿಲೆಯಿಂದ ಹಣ್ಣಾಗಿದ್ದ ಈಸ್ಟ್‌ಮನ್ 1932ರ ಮಾರ್ಚ್ 14ರಂದು ತಾನೇ ಜೀವ ತೆಗೆದುಕೊಂಡ. ಮನೆಯನ್ನೂ ವಿಶ್ವವಿದ್ಯಾಲಯಕ್ಕೇ ಬರೆದಿಟ್ಟಿದ್ದ.

ಮುಂದಿನದನ್ನು ಓದುವಾಗ ಸಿಟ್ಟು ಬರುತ್ತದೆ. 1980ರ ದಶಕದ ಆರಂಭದಲ್ಲಿ ರಾಚೆಸ್ಟರ್ ಒಂದರಲ್ಲೇ ಸುಮಾರು 60,000 ಜನಕ್ಕೆ ಅನ್ನ ಕೊಡುತ್ತಿದ್ದ ಕೊಡಕ್, 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿ 1975ರಲ್ಲಿ ಅದರದೇ ಪ್ರಯೋಗಾಲಯದಲ್ಲಿ ತಯಾರಾಗಿತ್ತು. ಫಿಲ್ಮಿನ ಲಾಭದ ಮೋಹ ಅದನ್ನು ಬೆಳೆಯಗೊಡಲಿಲ್ಲ. ವಿಶ್ವವಿದ್ಯಾಲಯವೂ ಪೂರ್ತಿ ಜಾಣತನ ತೋರಿತೆನ್ನಲಾಗದು. ಕೊಡಕ್ ಷೇರುಗಳಿಗೇ ಅಂಟಿಕೊಂಡಿದ್ದರಿಂದ, ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ನಿಧಿಗಳ ಸಾಲಿನಲ್ಲಿದ್ದ ಅದರ ನಿಧಿ ಕೆಳಗಿಳಿಯಿತು. ಆದರೂ ಇವತ್ತು ಆ ಊರಿನಲ್ಲಿ ಅತಿ ಹೆಚ್ಚು ಜನಕ್ಕೆ ಸಂಬಳ ಕೊಡುವುದು ವಿಶ್ವವಿದ್ಯಾಲಯವೇ. ಅವರಲ್ಲಿ ಬಹುಪಾಲು ಜನ ಅದರ ವೈದ್ಯಕೀಯ ಕೇಂದ್ರದ ನೌಕರರು.