ಬಸಿರಿನ ಸಕ್ಕರೆ, ಮಗುವಿನ ಇನ್ಸುಲಿನ್

ಹಾರ್ಮೋನುಗಳ ಏರುಪೇರಿನಿಂದ ಬರುವ ಕಾಯಿಲೆಗಳು ನಡುವಯಸ್ಸಿನಲ್ಲಿ ಕಾಣಿಸಿಕೊಂಡರೂ ಅವುಗಳ ಬೇರು ತಾಯಿಯ ಗರ್ಭದಲ್ಲೇ ಇರಬಹುದೇ ಎಂಬ ಪ್ರಶ್ನೆಯನ್ನು ಹಿಡಿದು ನಡೆದ ಸಂಶೋಧನೆಗಳಲ್ಲಿ ಮೈಸೂರಿನ ಹೆಸರು ಜಗತ್ತಿನ ವೈದ್ಯಕೀಯ ನಿಯತಕಾಲಿಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಕಾರಣ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಇಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ದಾದಿಯರು ದಾಖಲೆ ಪುಸ್ತಕಗಳಲ್ಲಿ ಬರೆದಿಡುತ್ತಾ ಬಂದರು. ಮುಂದೊಂದು ದಿನ ಸಂಶೋಧನೆಗೆ ಬೇಕಾದೀತು ಎಂಬ ಲೆಕ್ಕಾಚಾರವಿಲ್ಲದೆ, ದಿನದ ಕೆಲಸವೆಂದು ಬರೆದ ಆ ಅಂಕಿಗಳಿಲ್ಲದಿದ್ದರೆ ಮುಂದಿನ ಯಾವ ಅಧ್ಯಯನವೂ ನಡೆಯುತ್ತಿರಲಿಲ್ಲ.

ಹಾರ್ಮೋನ್ ಎಂದರೆ ದೇಹದ ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದ ಮೂಲಕ ಸಾಗಿ, ದೂರದ ಇನ್ನೊಂದು ಅಂಗದ ಕೆಲಸವನ್ನು ಹೆಚ್ಚಿಸುವ ಅಥವಾ ತಗ್ಗಿಸುವ ರಾಸಾಯನಿಕ. ಮೇದೋಜ್ಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ರಕ್ತದಲ್ಲಿನ ಸಕ್ಕರೆಯನ್ನು ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳಿಗೆ ಸೇರಿಸುತ್ತದೆ. ಆ ಕೋಶಗಳು ಇನ್ಸುಲಿನ್ನಿನ ಮಾತಿಗೆ ಸರಿಯಾಗಿ ಓಗೊಡದ ಸ್ಥಿತಿಗೆ ಇನ್ಸುಲಿನ್ ಪ್ರತಿರೋಧವೆಂದು ಹೆಸರು. ಬಸುರಿಯ ದೇಹದಲ್ಲಿ ಜರಾಯು, ಅಂದರೆ ಆಡುಮಾತಿನ ಮಾಸು, ಸ್ರವಿಸುವ ಹಾರ್ಮೋನುಗಳಿಂದಾಗಿ ಈ ಪ್ರತಿರೋಧ ಸಹಜವಾಗಿಯೇ ಏರುತ್ತದೆ. ಅದನ್ನು ಸರಿದೂಗಿಸುವಷ್ಟು ಇನ್ಸುಲಿನ್ ಹುಟ್ಟದಿದ್ದಾಗ ಗರ್ಭಾವಸ್ಥೆಯ ಮಧುಮೇಹ ಉಂಟಾಗುತ್ತದೆ. ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ತಲುಪುತ್ತದೆ, ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಹೀಗಾಗಿ ಹೆಚ್ಚುವರಿ ಸಕ್ಕರೆಯನ್ನು ನಿಭಾಯಿಸಲು ಹುಟ್ಟದ ಮಗುವೇ ಹೆಚ್ಚು ಇನ್ಸುಲಿನ್ ತಯಾರಿಸಿ, ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಅವರ ತಂಡವು, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದ್ರೋಗ ಮತ್ತು ಮಧುಮೇಹದ ಅಪಾಯ ಹೆಚ್ಚು ಎಂದು ತೋರಿಸಿತ್ತು. ಈ ಮಾತು ಭಾರತಕ್ಕೂ ಹೊಂದುತ್ತದೆಯೇ ಎಂದು ಪರೀಕ್ಷಿಸಲು 1990ರ ದಶಕದಲ್ಲಿ ಮಿಷನ್ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆರೆದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ್ದ 517 ಮಂದಿಯನ್ನು ತಪಾಸಣೆಗೆ ಒಳಪಡಿಸಲಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿದ್ದರೆ, ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ಅದು 3ಕ್ಕೆ ಇಳಿದಿತ್ತು. ಈ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಆದರೆ ಮಧುಮೇಹದ ವಿಷಯದಲ್ಲಿ ಮೈಸೂರು ಇಂಗ್ಲೆಂಡಿನ ದಾರಿ ಹಿಡಿಯಲಿಲ್ಲ. ಇಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡದ್ದು ಉದ್ದ ಕಡಿಮೆಯಿದ್ದು ಆ ಉದ್ದಕ್ಕೆ ದಪ್ಪನಾಗಿ ಹುಟ್ಟಿದವರಲ್ಲಿ ಮತ್ತು ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಆ ತಾಯಂದಿರಿಗೆ ಬಸಿರಿನಲ್ಲಿ ಪತ್ತೆಯಾಗದ ಮಧುಮೇಹ ಇದ್ದಿರಬಹುದೇ ಎಂಬ ಸಂದೇಹ ಹುಟ್ಟಿದ್ದು ಇಲ್ಲಿಂದ. ಈ ಒಂದು ತಿರುವೇ ಮೈಸೂರಿನ ಅಧ್ಯಯನಗಳ ದೊಡ್ಡ ಕೊಡುಗೆ ಎನ್ನಬೇಕು.

ಆ ಸಂದೇಹವನ್ನು ಬಗೆಹರಿಸಲು 1997ರಲ್ಲಿ ಆರಂಭವಾದದ್ದು ಪಾರ್ಥೆನಾನ್ ಅಧ್ಯಯನ. ಒಂದೇ ಕಾಲದಲ್ಲಿ ಹುಟ್ಟಿದ ಮಕ್ಕಳ ಗುಂಪನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆಯುವ ಇಂಥ ಕ್ರಮಕ್ಕೆ ಕೊಹಾರ್ಟ್ ಅಧ್ಯಯನವೆನ್ನುತ್ತಾರೆ. ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಡಾ. ಜಿ.ವಿ. ಕೃಷ್ಣವೇಣಿ ಮುಂತಾದವರು ನಡೆಸಿದ ಇದರಲ್ಲಿ 830 ಗರ್ಭಿಣಿಯರು ಭಾಗವಹಿಸಿದರು. ಸುಮಾರು 30ನೇ ವಾರದಲ್ಲಿ, ರಾತ್ರಿಯಿಡೀ ಉಪವಾಸವಿದ್ದು ಬಂದ ಹೆಂಗಸರಿಗೆ 100 ಗ್ರಾಂ ಗ್ಲೂಕೋಸ್ ಕುಡಿಸಿ, ಮೂರು ಗಂಟೆಗಳ ಕಾಲ ಕೂರಿಸಿಕೊಂಡು ಮತ್ತೆ ಮತ್ತೆ ರಕ್ತ ತೆಗೆಯಲಾಯಿತು. ನೂರರಲ್ಲಿ ಆರಕ್ಕಿಂತ ತುಸು ಹೆಚ್ಚು ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿರುವುದು ತಿಳಿಯಿತು. ಐದು ವರ್ಷಗಳ ನಂತರ ಅದೇ ತಾಯಂದಿರನ್ನು ಮತ್ತೆ ಕರೆದು ಪರೀಕ್ಷಿಸಿದಾಗ ಸಿಕ್ಕ ಅಂಕಿ ಗಾಬರಿ ಹುಟ್ಟಿಸುವಂಥದು: ಬಸಿರಿನಲ್ಲಿ ಸಕ್ಕರೆ ಏರಿದ್ದವರಲ್ಲಿ ನೂರಕ್ಕೆ 37 ಮಂದಿ ಮಧುಮೇಹಿಗಳಾಗಿದ್ದರು, ಏರದಿದ್ದವರಲ್ಲಿ 2 ಮಂದಿ ಮಾತ್ರ.

ಮಕ್ಕಳ ಕಥೆ ಇನ್ನೂ ನಿಧಾನವಾಗಿ ಬಿಚ್ಚಿಕೊಂಡಿತು. ಮೈಸೂರಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕ, ಉದ್ದ, ಸ್ನಾಯು ಎಲ್ಲದರಲ್ಲೂ ಚಿಕ್ಕವಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು ಮತ್ತು ಇನ್ಸುಲಿನ್ ಹೆಚ್ಚಾಗಿದ್ದವು. ಒಂಬತ್ತೂವರೆ ವರ್ಷವಾಗುವಷ್ಟರಲ್ಲಿ ಗಂಡುಮಕ್ಕಳಲ್ಲೂ ಅದೇ ಚಿತ್ರ ಕಂಡಿತು. ಇವರಾರೂ ನೋಡಲು ಕಾಯಿಲೆಯ ಮಕ್ಕಳಂತಿರಲಿಲ್ಲ, ಶಾಲೆಗೆ ಹೋಗುತ್ತಾ ಆಡಿಕೊಂಡಿದ್ದವರು. ಹದಿಹರೆಯಕ್ಕೆ ಬಂದ ಮೇಲೆ ಇವರಲ್ಲಿ ಕೆಲವರನ್ನು ಪರೀಕ್ಷಕರ ಮುಂದೆ ನಿಲ್ಲಿಸಿ, ಮಾತನಾಡಿಸಿ, ಲೆಕ್ಕ ಬಿಡಿಸಲು ಹೇಳಿ, ಎಂಜಲಿನ ಮಾದರಿಯಿಂದ ಕಾರ್ಟಿಸಾಲನ್ನೂ, ಜೊತೆಗೆ ಹೃದಯ ಮತ್ತು ರಕ್ತನಾಳಗಳ ಪ್ರತಿಕ್ರಿಯೆಯನ್ನೂ ಅಳೆಯಲಾಯಿತು. ಕಾರ್ಟಿಸಾಲ್ ಎಂಬುದು ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಯು ಒತ್ತಡದ ವೇಳೆ ಬಿಡುಗಡೆ ಮಾಡುವ ಹಾರ್ಮೋನ್. ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಈ ಒತ್ತಡಕ್ಕೆ ಹೃದಯ ಮತ್ತು ರಕ್ತನಾಳಗಳು ತೋರಿದ ಪ್ರತಿಕ್ರಿಯೆ ಉಳಿದವರಿಗಿಂತ ಹೆಚ್ಚಾಗಿತ್ತು.

ಅದೇ ತಾಯಂದಿರ ರಕ್ತ ಬೇರೆ ಸಂಗತಿಗಳನ್ನೂ ಹೇಳಿತು. ನೂರರಲ್ಲಿ 43 ಮಂದಿಗೆ ಬಿ12 ಜೀವಸತ್ವದ ಕೊರತೆಯಿತ್ತು, ಮತ್ತು ಕೊರತೆಯಿದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹ ಹೆಚ್ಚಾಗಿತ್ತು. ಬಿಸಿಲಿಗೆ ಬರವಿಲ್ಲದ ಈ ಸೀಮೆಯಲ್ಲೂ ಮೂವರಲ್ಲಿ ಇಬ್ಬರಿಗೆ ಡಿ ಜೀವಸತ್ವ ಸಾಲದಾಗಿತ್ತು.

ಈ ಅಂಕಿಗಳನ್ನು ಹಾಗೆಯೇ ಎತ್ತಿ ಮೈಸೂರು ಜಿಲ್ಲೆಯ ಹಳ್ಳಿಗಾಡಿನ ತಾಲ್ಲೂಕುಗಳಾದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಮೇಲೆ ಹೊದಿಸುವುದು ಸರಿಯಲ್ಲ. ಕಾಲುವೆ ನೀರಿನ ಭತ್ತದ ಸೀಮೆಯಾದ ಕೆ.ಆರ್. ನಗರದ ಗೃಹಿಣಿ, ಹುಣಸೂರು ಮತ್ತು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಹಂಗಾಮಿನಲ್ಲಿ ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವ ಕುಟುಂಬದ ಹೆಂಗಸು, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯ ಜೇನುಕುರುಬ ತಾಯಿ, ಇವರ ಊಟ, ದುಡಿಮೆ ಮತ್ತು ಮೈತೂಕ ಒಂದೇ ಬಗೆಯವಲ್ಲ. ಎಳವೆಯಲ್ಲಿ ಸಾಕಾಗದ ಊಟದಲ್ಲಿ ಬೆಳೆದ ಮೈ, ಮುಂದೆ ದುಡಿಮೆ ತಗ್ಗಿ ಅನ್ನ ಹೆಚ್ಚಾದಾಗ ಹೇಗೆ ಬದಲಾಗುತ್ತದೆ ಎಂಬುದನ್ನು ಅರಿಯಲು ಈ ನಾಲ್ಕು ತಾಲ್ಲೂಕುಗಳಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರೊಂದಿಗೆ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಕೆಂಚನಹಳ್ಳಿ ಮತ್ತು ಸರಗೂರಿನ ಆಸ್ಪತ್ರೆಗಳ ಮೂಲಕ ಇಲ್ಲಿನ ಆದಿವಾಸಿಗಳ ವಿಶ್ವಾಸ ಗಳಿಸಿದೆ. ಇಂಥ ದೀರ್ಘ ಅಧ್ಯಯನಕ್ಕೆ ಯಂತ್ರಕ್ಕಿಂತ ಮೊದಲು ಬೇಕಾದದ್ದು ಆ ವಿಶ್ವಾಸವೇ.

ಪರೀಕ್ಷೆಯ ವಿಧಾನವೂ ಹಳ್ಳಿಗೆ ಒಗ್ಗಬೇಕು. ಸರಗೂರಿನಾಚೆಯ ಹಾಡಿಯಿಂದ ಬಸುರಿ ಹೆಂಗಸು ಖಾಲಿ ಹೊಟ್ಟೆಯಲ್ಲಿ ಬಸ್ಸಿಗೆ ಕಾದು, ಆಸ್ಪತ್ರೆಯಲ್ಲಿ ಮತ್ತೆ ಮೂರು ಗಂಟೆ ಕೂರಬೇಕೆನ್ನುವುದು ನಿರ್ದಯತೆ. ಚೆನ್ನೈನ ಡಾ. ವಿ. ಶೇಷಯ್ಯ ಅವರು ಪ್ರತಿಪಾದಿಸಿ, ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಸೇರಿದ ಕ್ರಮದಲ್ಲಿ ಉಪವಾಸ ಬೇಡ. ಉಂಡು ಬಂದಿದ್ದರೂ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಐದಾರು ನಿಮಿಷದಲ್ಲಿ ಕುಡಿಸುತ್ತಾರೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆ ಮರುದಿನಕ್ಕೆ, ಇಲ್ಲವಾದರೆ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದ ಸಕ್ಕರೆ 140 ಮಿಲಿಗ್ರಾಂ ಮುಟ್ಟಿದರೆ ಮಧುಮೇಹವೆಂದು ತೀರ್ಮಾನ. ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಇದು ನಡೆಯಬೇಕು. ಈ ಸುಲಭ ವಿಧಾನದಲ್ಲಿ ಕೆಲವರು ಕೈತಪ್ಪುತ್ತಾರೆಂಬ ಆಕ್ಷೇಪ ನಿಜ. ಆದರೂ ಪರೀಕ್ಷೆಗೇ ಬಾರದೆ ಉಳಿಯುವವರ ಜೊತೆ ಹೋಲಿಸಿದರೆ ಆ ನಷ್ಟ ಸಣ್ಣದು.

ಇನ್ನೊಂದು ಹಾರ್ಮೋನಿನ ತೊಂದರೆಯಾದ ನವಜಾತ ಶಿಶುವಿನ ಥೈರಾಯ್ಡ್ ಕೊರತೆಯ ವಿಷಯದಲ್ಲಂತೂ ಪರೀಕ್ಷೆಗೆ ಕಾಯುವಂತಿಲ್ಲ. ಕತ್ತಿನ ಈ ಗ್ರಂಥಿಯ ಹಾರ್ಮೋನ್ ಮಿದುಳಿನ ಬೆಳವಣಿಗೆಗೆ ಅತ್ಯಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಸುಮಾರು 1,100 ಶಿಶುಗಳಿಗೆ ಒಂದರಂತೆ ಈ ಕೊರತೆ ಕಂಡಿತು. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಪತ್ತೆಯಾಗುವ, ಎರಡು ವಾರದೊಳಗೆ ಮಾತ್ರೆ ಪುಡಿ ಮಾಡಿ ಕೊಟ್ಟರೆ ಬುದ್ಧಿಮಾಂದ್ಯವನ್ನು ತಡೆಯಬಹುದಾದ ಕಾಯಿಲೆ ಇದು.

ತಾಯಿಯ ಪಾಲಿಗೆ ಹೆಚ್ಚು ಲೋಪವಾಗುವುದು ಹೆರಿಗೆಯ ನಂತರ. ಬಸಿರಿನಲ್ಲಿ ಸಕ್ಕರೆ ಏರಿದ್ದವರಿಗೆ ಆರನೇ ವಾರದಲ್ಲಿ ಮತ್ತೆ ಗ್ಲೂಕೋಸ್ ಪರೀಕ್ಷೆ ಮಾಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಆಶಾ ಕಾರ್ಯಕರ್ತೆ ನವಜಾತ ಶಿಶುವಿನ ಆರೈಕೆಗೆಂದು ಮನೆಗೆ ಬರುವ ಕೊನೆಯ ಭೇಟಿಯೂ 42ನೇ ದಿನವೇ, ಅಂದರೆ ಸರಿಯಾಗಿ ಆರು ವಾರಕ್ಕೆ. ಆದರೆ ಆ ಹೊತ್ತಿಗೆ ತಾಯಿ ಬಾಣಂತನಕ್ಕೆಂದು ತವರಿನಲ್ಲಿರುತ್ತಾಳೆ. ಪಿರಿಯಾಪಟ್ಟಣದ ಸೊಸೆಯ ತವರು ಕೆ.ಆರ್. ನಗರದಲ್ಲಿದ್ದರೆ, ಆಕೆಯ ಸಕ್ಕರೆಯ ಮಾತು ಗೊತ್ತಿರುವ ಕಾರ್ಯಕರ್ತೆ ಒಂದು ತಾಲ್ಲೂಕಿನಲ್ಲಿ, ಬಾಣಂತಿ ಇನ್ನೊಂದರಲ್ಲಿ. ತಾಯಿ ಕಾರ್ಡಿನ ಮೇಲೆ ಎದ್ದು ಕಾಣುವಂತೆ ಸಕ್ಕರೆಯ ಅಂಕಿಯನ್ನೂ ಆರನೇ ವಾರದ ದಿನಾಂಕವನ್ನೂ ಬರೆದು, ತವರಿನ ಊರಿನ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಮಾಡುವ ಏರ್ಪಾಡಾದರೆ, ಮುಂದೆ ಮಧುಮೇಹಿಗಳಾಗುವ ಇಂಥ ತಾಯಂದಿರಲ್ಲಿ ಹಲವರು ಕಾಯಿಲೆ ಬಲಿಯುವ ಮೊದಲೇ ಚಿಕಿತ್ಸೆಗೆ ಸಿಗುತ್ತಾರೆ.