ಹುಡುಕು ಪದಕ್ಕೆ ದುಡ್ಡು ಸುರಿಯಬೇಕೆ?

ಕೇಳದಿದ್ದರೆ ತಾಯಿಯೂ ಬಡಿಸಳು ಎಂಬ ಗಾದೆ ತೆಲುಗಿನಲ್ಲಿದೆ. ಈಗಿನ ಗಿರಾಕಿ ಕೇಳುವುದು ಅಂಗಡಿ ಕಟ್ಟೆಯ ಮೇಲೆ ನಿಂತಲ್ಲ, ಮೊಬೈಲಿನಲ್ಲಿ ಗೂಗಲ್ ತೆರೆದು. ಅಲ್ಲಿ ಅವನು ಬರೆಯುವ ಮಾತಿಗೆ ಕೀವರ್ಡ್, ಅಂದರೆ ಹುಡುಕು ಪದ ಎನ್ನುತ್ತಾರೆ. ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಗಾಣದ ಎಣ್ಣೆಯನ್ನೋ ಜೀನ್ಸ್ ಬಟ್ಟೆಯನ್ನೋ ಮಾರುವವರು ವೆಬ್‌ಸೈಟ್ ಮಾಡಿಸಿದರೆ ಮೊದಲು ಎದುರಾಗುವ ಪ್ರಶ್ನೆ ಇದೇ: ಈ ಪದಗಳನ್ನು ತಿಳಿಸುವ ಸಾಧನ ಪುಕ್ಕಟೆಯದು ಸಾಕೋ, ದುಡ್ಡಿನದು ಬೇಕೋ?

ಪುಕ್ಕಟೆ ಸಿಗುವವು

ಗೂಗಲ್‌ನದೇ ಮೂರು ಸಾಧನಗಳಿವೆ. 2006ರಲ್ಲಿ ಬಂದ ಗೂಗಲ್ ಟ್ರೆಂಡ್ಸ್ ಒಂದೇ ಸಲಕ್ಕೆ ಹಲವು ಪದಗಳನ್ನು ಹೋಲಿಸುತ್ತದೆ. ಯಾವ ರಾಜ್ಯದಲ್ಲಿ, ಯಾವ ತಿಂಗಳಲ್ಲಿ ಕೇಳಿಕೆ ಏರಿತು ಅಂತ ತೋರಿಸುತ್ತದೆ. ಆದರೆ ಅದರ 0ರಿಂದ 100ರ ಅಂಕಿ ಬರೀ ಅಳತೆ, ಜನರ ಲೆಕ್ಕವಲ್ಲ. ಎರಡನೆಯದು ಕೀವರ್ಡ್ ಪ್ಲಾನರ್. ಇದಕ್ಕೆ ಗೂಗಲ್ ಜಾಹೀರಾತು ಖಾತೆ ಬೇಕು. ಜಾಹೀರಾತಿಗೆ ಖರ್ಚು ಮಾಡದವರಿಗೆ ತಿಂಗಳಿಗೆ '100ರಿಂದ 1,000' ಅಂತ ಅಂದಾಜು ಹೇಳಿ ಸುಮ್ಮನಾಗುತ್ತದೆ. ಅದರಲ್ಲಿ 'ಪೈಪೋಟಿ' ಅಂತ ಕಾಣುವುದು ಜಾಹೀರಾತುದಾರರ ಪೈಪೋಟಿ ಅನ್ನುವುದು ನೆನಪಿರಲಿ. ಮೂರನೆಯದು ಸರ್ಚ್ ಕನ್ಸೋಲ್. ಯಾವ ಪದ ಬರೆದವರಿಗೆ ನಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಂಬುದನ್ನು 16 ತಿಂಗಳ ತನಕ ಕೂಡಿಡುತ್ತದೆ. ಇದು ಊಹೆಯಲ್ಲ, ನಮ್ಮದೇ ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೆ.

ದುಡ್ಡಿನವು

ಸೆಮ್‌ರಶ್, ಎಚ್‌ರೆಫ್ಸ್ ಮುಂತಾದವುಗಳ ಪೂರ್ಣ ಯೋಜನೆಗಳಿಗೆ ತಿಂಗಳಿಗೆ ನೂರು ಡಾಲರ್ ದಾಟುತ್ತದೆ. ಎದುರಿನ ಅಂಗಡಿಯವನಿಗೆ ಯಾವ ಪದದಿಂದ ಗಿರಾಕಿ ಬರುತ್ತಿದ್ದಾನೆ, ಒಂದು ಪದದಲ್ಲಿ ಮೇಲೆ ಬರುವುದು ಎಷ್ಟು ಕಷ್ಟ ಅಂತ ಇವು ಹೇಳುತ್ತವೆ. ಪುಕ್ಕಟೆ ಸಾಧನದಲ್ಲಿ ಈ ಮಾಹಿತಿ ಸುಲಭಕ್ಕೆ ಸಿಗದು. ಇಂಗ್ಲಿಷಿನಲ್ಲಿ ದೇಶಕ್ಕೆಲ್ಲ ಮಾರುವವರಿಗೆ, ನೂರಾರು ಬಗೆಯ ಮಾಲು ಇಟ್ಟವರಿಗೆ ಈ ಖರ್ಚು ದಕ್ಕೀತು. ಆದರೆ ಇವುಗಳ ಸಂಖ್ಯೆಯೂ ಅಂದಾಜೇ. ಕನ್ನಡ, ತೆಲುಗು ಪದಗಳಿಗೆ ಎಷ್ಟೋ ಸಲ ಸೊನ್ನೆ ತೋರಿಸುತ್ತವೆ. ಸೊನ್ನೆ ಅಂದರೆ ಕೇಳುವವರೇ ಇಲ್ಲ ಎಂದಲ್ಲ, ಅವರ ಲೆಕ್ಕಕ್ಕೆ ಸಿಕ್ಕಿಲ್ಲ ಎಂದಷ್ಟೇ.

ಎರಡು ಭಾಷೆಯ ಲಾಭ

ಗಡಿಯ ಜನಕ್ಕೆ ಇಲ್ಲೊಂದು ಅನುಕೂಲವಿದೆ. ಬಳ್ಳಾರಿ, ರಾಯಚೂರು ಕಡೆ ಶೇಂಗಾ, ತುಮಕೂರು ಕಡೆ ಕಡ್ಲೆಕಾಯಿ. ತೆಲುಗಿನ ಪುಸ್ತಕದಲ್ಲಿ ವೇರುಶೆನಗ, ಅನಂತಪುರದ ಬಾಯಲ್ಲಿ ಸೆನಕ್ಕಾಯಲು, ಹೈದರಾಬಾದಿಗೆ ಹೋದರೆ ಪಲ್ಲೀಲು. ಗಾಣದ ಎಣ್ಣೆ ಆಚೆಗೆ ಗಾನುಗ ನೂನೆ. ಇವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರೂ ಬಹಳ. ಇವೆಲ್ಲ ಒಂದೇ ಸರಕು ಅಂತ ನಮಗೆ ಗೊತ್ತು. ಸಾಧನಕ್ಕೆ ಪದವನ್ನು ನಾವೇ ಕೊಡಬೇಕು, ಅದು ಲೆಕ್ಕ ಹೇಳುತ್ತದೆ. ಸಂತೆಯಲ್ಲಿ ಕಿವಿಗೊಟ್ಟು ಕೇಳಿದ ಮಾತೇ ಮೊದಲ ಪಟ್ಟಿ. ಅದನ್ನು ಗೂಗಲ್‌ನಲ್ಲಿ ಅರ್ಧ ಬರೆದು ನಿಲ್ಲಿಸಿ ನೋಡಿ. ಉಳಿದರ್ಧವನ್ನು ಅದೇ ಸೂಚಿಸುತ್ತದೆ.

ಹಾಗಾದರೆ ದಾರಿ ಯಾವುದು? ಮೊದಲ ಆರು ತಿಂಗಳು ಪುಕ್ಕಟೆಯದರಲ್ಲೇ ನಡೆಸಿ. ಸರ್ಚ್ ಕನ್ಸೋಲ್‌ನಲ್ಲಿ ಪುಟ ಕಂಡರೂ ಯಾರೂ ಒತ್ತದಿದ್ದರೆ ತಿದ್ದಬೇಕಾದ್ದು ಪುಟದ ತಲೆಬರಹ, ಅದಕ್ಕೆ ಡಾಲರ್ ಬೇಡ. ಎದುರಾಳಿಯ ಗುಟ್ಟು ತಿಳಿಯಲೇಬೇಕು ಎನ್ನಿಸಿದಾಗ ಒಂದು ತಿಂಗಳ ಮಟ್ಟಿಗೆ ಕೊಂಡು, ಪಟ್ಟಿ ಇಳಿಸಿಕೊಂಡು, ಚಂದಾ ನಿಲ್ಲಿಸಿ. ನಿಲ್ಲಿಸದಿದ್ದರೆ ಕಾರ್ಡಿನಿಂದ ಮುಂದಿನ ತಿಂಗಳ ಹಣ ತಾನಾಗೇ ಕಡಿತವಾಗುತ್ತದೆ. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಆಸೆಗೆ ಮೊದಲೇ ಬೀಳಬೇಡಿ. ಪದದಿಂದ ಬಂದ ಲಾಭ ಚಂದಾ ಹಣವನ್ನು ಮೀರಿದ ದಿನ ದುಡ್ಡಿನ ಸಾಧನ ಖರ್ಚಲ್ಲ, ಬಂಡವಾಳ. ಅಲ್ಲಿಯವರೆಗೂ ಎರಡು ನಾಲಗೆ ಬಲ್ಲವನ ಕಿವಿಯೇ ಅಗ್ಗದ ಸಾಧನ.