ಕಣ್ಣು ಕಾಣದವರು ಗಣಿತದ ಸೂತ್ರ ಓದುವುದು ಹೇಗೆ?

ಕಣ್ಣು ಕಾಣದ ಮಕ್ಕಳಿಗೆ ಗಣಿತ ಒಗ್ಗುವುದಿಲ್ಲ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಇದು ನಿಜವೇ? ಅಲ್ಲ. ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ನಿಕೋಲಸ್ ಸಾಂಡರ್ಸನ್, 1711ರಲ್ಲಿ ಕೇಂಬ್ರಿಜ್‌ನಲ್ಲಿ ಗಣಿತದ ಪ್ರಾಧ್ಯಾಪಕರಾದರು. ಅದು ಹಿಂದೆ ನ್ಯೂಟನ್ ಕುಳಿತಿದ್ದ ಹುದ್ದೆ!

ಹಾಗಾದರೆ ತೊಡಕು ಎಲ್ಲಿದೆ? ಸೂತ್ರ ಬರೆಯುವ ರೀತಿಯಲ್ಲಿ. ಕಥೆ, ಪಾಠಗಳು ಒಂದೇ ಸಾಲಿನಲ್ಲಿ ಸಾಗುತ್ತವೆ. ಸೂತ್ರದಲ್ಲಿ ಹಾಗಲ್ಲ, ಘಾತ ಮೇಲೆ, ಛೇದ ಕೆಳಗೆ. ಜಾಗವೇ ಅರ್ಥ ಹೇಳುತ್ತದೆ. ಕಿವಿಗೆ ಆ ಜಾಗ ಕಾಣುವುದಿಲ್ಲ.

‘ಎ ಪ್ಲಸ್ ಬಿ ಬೈ ಸಿ’ ಎಂದು ಓದಿದೆವು ಎನ್ನೋಣ. ಎ 2, ಬಿ 4, ಸಿ 2 ಆಗಿರಲಿ. ಮೊದಲು ಕೂಡಿಸಿ ಭಾಗಿಸಿದರೆ ಉತ್ತರ 3. ಬಿಯನ್ನಷ್ಟೇ ಭಾಗಿಸಿ ಕೂಡಿಸಿದರೆ 4. ಕೇಳಿದ್ದು ಒಂದೇ, ಉತ್ತರ ಎರಡು.

ಈ ಗೊಂದಲಕ್ಕೆ ಅಂಧ ಗಣಿತಜ್ಞ ಅಬ್ರಹಾಂ ನೆಮೆತ್ ಬ್ರೈಲ್‌ನಲ್ಲಿ ಉತ್ತರ ಹುಡುಕಿದರು. 1952ರಲ್ಲಿ ಬಂದ ಅವರ ನೆಮೆತ್ ಸಂಕೇತದಲ್ಲಿ ಭಿನ್ನರಾಶಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಎನ್ನುವುದಕ್ಕೂ ಚುಕ್ಕಿಗಳಿವೆ. ಐಐಟಿ ಬಾಂಬೆಯಲ್ಲಿ ಓದಿದ, ದೃಷ್ಟಿಯಿಲ್ಲದ ಟಿ. ವಿ. ರಾಮನ್ 1994ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸೂತ್ರಗಳನ್ನು ದನಿಯ ಏರಿಳಿತದಿಂದಲೇ ತಿಳಿಸುವ ತಂತ್ರಾಂಶ ರೂಪಿಸಿದರು. 1998ರಲ್ಲಿ ಬಂದ ಮ್ಯಾಥ್‌ಎಂಎಲ್, ಸೂತ್ರದ ಒಳರಚನೆಯನ್ನೇ ಕಂಪ್ಯೂಟರಿಗೆ ತಿಳಿಸುವ ಭಾಷೆ. ಹೀಗೆ ಬರೆದ ಸೂತ್ರವನ್ನು ಎನ್‌ವಿಡಿಎಯಂಥ ಉಚಿತ ಪರದೆ ಓದುಗ ತಂತ್ರಾಂಶ, ಮ್ಯಾಥ್‌ಕ್ಯಾಟ್‌ನ ನೆರವಿನಿಂದ ಓದಿ ಹೇಳಬಲ್ಲದು.

ಆದರೆ ಸೂತ್ರವನ್ನು ಚಿತ್ರವಾಗಿ ಅಂಟಿಸಿದರೆ ಆ ತಂತ್ರಾಂಶಕ್ಕೆ ಸಿಗುವುದು ಬರೀ ಚಿತ್ರ. ಕನ್ನಡಕ್ಕೆ ಇನ್ನೊಂದು ಕಷ್ಟವೂ ಇದೆ: ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿ ಸಿದ್ಧವಾದ ಕಡತಗಳು ಅರ್ಥವಿಲ್ಲದ ಅಕ್ಷರಗಳಾಗಿ ಕೇಳಿಸುತ್ತವೆ.

ನಮ್ಮಲ್ಲೂ ಕೆಲಸ ನಡೆದಿದೆ. ಹುಟ್ಟಿನಿಂದ ದೃಷ್ಟಿಯಿಲ್ಲದ ವಿದ್ಯಾ ವೈ. ಐಐಐಟಿ ಬೆಂಗಳೂರಿನಲ್ಲಿ ಓದಿದವರು. ಅವರು ಸಹಸ್ಥಾಪಕಿಯಾಗಿರುವ ವಿಷನ್ ಎಂಪವರ್ ಸಂಸ್ಥೆ ಅಂಧ ಮಕ್ಕಳಿಗೆ ಗಣಿತ, ವಿಜ್ಞಾನ ತಲುಪಿಸಲು ದುಡಿಯುತ್ತಿದೆ.

ಕುಮಟಾ ತಾಲೂಕಿನ ಬಾಡದಂಥ ಊರಿನ ಶಾಲೆಯಲ್ಲಿ ಏನು ಮಾಡಬಹುದು? ಹಲಗೆಯ ಮೇಲೆ ಬರೆಯುವಾಗ ‘ಇದನ್ನು ಇದರಿಂದ ಭಾಗಿಸಿ’ ಎನ್ನದೆ, ‘ಭಿನ್ನರಾಶಿ ಶುರು, ಅಂಶ ಎ ಪ್ಲಸ್ ಬಿ, ಛೇದ ಸಿ, ಭಿನ್ನರಾಶಿ ಮುಗಿಯಿತು’ ಎಂದು ಓದಿ ಹೇಳಿ. ಟಿಪ್ಪಣಿಗಳನ್ನು ಯೂನಿಕೋಡ್‌ನಲ್ಲಿ ಬರೆದು, ಸೂತ್ರಕ್ಕೆ ವರ್ಡ್‌ನ ಸಮೀಕರಣ ಸೌಲಭ್ಯ ಬಳಸಿ. ಗಣಿತ ಬಿಟ್ಟ ಮಗುವಿಗೆ ಎಂಜಿನಿಯರಿಂಗ್, ಕಂಪ್ಯೂಟರ್ ವಿಜ್ಞಾನದ ಬಾಗಿಲೂ ಮುಚ್ಚುತ್ತದೆ. ಅದನ್ನು ತೆರೆದಿಡಲು ಮೊದಲು ಬೇಕಾದದ್ದು ಸ್ಪಷ್ಟವಾದ ಮಾತು.